ಜಲವರ್ಣದಲ್ಲಿ ಖಡೇಬಜಾರದ ರಾತ್ರಿ

ಜಲವರ್ಣದಲ್ಲಿ ಬರೆದ ರಾತ್ರಿ ಚಿತ್ರಗಳು ಬಹಳಷ್ಟು ಸಲ ಮಬ್ಬು ಸಂಜೆಯಂತೆ ಕಾಣುತ್ತವೆ. ಹಸಿ ಇದ್ದಾಗ ಕಪ್ಪಾಗಿ ಕಂಡ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಅದನ್ನು ಸರಿಪಡಿಸಲು ಪದರದ ಮೇಲೆ ಪದರ ಹಾಕಿದರೆ ಕೆಳಗಿನ ಬಣ್ಣ ಎದ್ದು ಎಲ್ಲ ರಾಡಿಯಾಗುತ್ತದೆ. ರಾತ್ರಿಯ ಕಪ್ಪನ್ನು ಒಂದು, ಹೆಚ್ಚೆಂದರೆ ಎರಡು ಪದರದಲ್ಲಿ ಮುಗಿಸಬೇಕು.

ಕಾಗದ ಪೂರ್ತಿ ಹತ್ತಿಯದು, 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ ದಪ್ಪ ಕಾಗದ), ರಫ್ ಮೇಲ್ಮೈಯದು ಇರಲಿ. ಟೆಕ್ಸ್ಚರ್‌ನ ಅರ್ಧ ಕೆಲಸ ಅದೇ ಮಾಡುತ್ತದೆ. ಕಪ್ಪಿಗೆ ಟ್ಯೂಬಿನ ಕಪ್ಪು ಬೇಡ, ನಿರ್ಜೀವವಾಗಿ ಕಾಣುತ್ತದೆ. ಎರಡು ಪಾಲು ಅಲ್ಟ್ರಾಮರೀನ್ (ನೀಲಿ), ಒಂದು ಪಾಲು ಬರ್ಂಟ್ ಸಿಯೆನಾ (ಕೆಂಗಂದು) ಕೂಡಿಸಿ, ಮಜ್ಜಿಗೆಯಷ್ಟು ದಪ್ಪಗೆ, ಬೇಕಾದದ್ದಕ್ಕಿಂತ ಹೆಚ್ಚೇ ಕಲಸಿಟ್ಟುಕೊಳ್ಳಿ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಗುಳಿಗಳಲ್ಲಿ ಕೂತು ಕತ್ತಲಿಗೆ ತರಿತರಿ ಮೈ ಕೊಡುತ್ತವೆ. ಥ್ಯಾಲೋ ಬ್ಲೂ ಎಂಬ ನೀಲಿ ಹಾಗಲ್ಲ, ನುಣ್ಣಗೆ ಹರಡಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಣ್ಣ ಒರೆಸಿ ಬೆಳಕು ಮೂಡಿಸುವುದು ಕಷ್ಟ.

ಮಳೆ ನಿಂತ ರಾತ್ರಿಯ ಬೆಳಗಾವಿ ಖಡೇಬಜಾರವನ್ನೇ ತೆಗೆದುಕೊಳ್ಳಿ. ಮೊದಲ ವಾಶ್ (ನೀರಾದ ಬಣ್ಣದ ಪದರ) ಬೆಳಕಿನದು. ದೀಪದ ನಡುಭಾಗವನ್ನು ಮಾತ್ರ ಒಣದಾಗಿ ಬಿಟ್ಟು ಉಳಿದ ಹಾಳೆಯನ್ನು ಒದ್ದೆ ಮಾಡಿ. ದೀಪದ ಸುತ್ತ ಹಳದಿ, ಅದರಾಚೆ ಕಿತ್ತಳೆ, ಅದರಾಚೆ ತೆಳು ಸಿಯೆನಾ ಬಿಡಿ. ಹಳದಿಗೆ ನೀಲಿ ನೇರವಾಗಿ ತಾಗಿದರೆ ದೀಪಕ್ಕೆ ಹಸಿರು ಬಳೆ ಬರುತ್ತದೆ. ಹೊಸಬರು ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಎಲ್‌ಇಡಿ ದೀಪವಾದರೆ ಇಷ್ಟು ಹಳದಿ ಬೇಡ, ಬಿಳಿಯ ಸುತ್ತ ತೆಳು ನೀಲಿ ಸಾಕು.

ಹಾಳೆ ಪೂರ್ತಿ ಒಣಗಿದ ಮೇಲೆ ಕಟ್ಟಡಗಳ ಕಪ್ಪು. ಬೆಳಕಿನ ಅಂಚು ಬಿಟ್ಟು, ಒಂದೇ ಓಟದಲ್ಲಿ, ಹಿಂದಿರುಗಿ ತಿದ್ದದೆ ಹಾಕಿ. ಹಳೆಯ ಮಹಡಿಗಳ ಗಾರೆ, ಹೆಂಚು, ಕಲ್ಲುಗೋಡೆಗೆ ಡ್ರೈ ಬ್ರಷ್ ಒಪ್ಪುತ್ತದೆ: ಕುಂಚಕ್ಕೆ ಗಟ್ಟಿ ಬಣ್ಣ ತುಂಬಿ, ಬಟ್ಟೆಗೆ ಒತ್ತಿ, ಅಡ್ಡ ಮಲಗಿಸಿ ಬೇಗ ಎಳೆಯಿರಿ. ಕುಂಚ ನಿಧಾನವಾದರೆ ಬಣ್ಣ ಗುಳಿಗಿಳಿದು ತರಿ ಮುಚ್ಚಿಹೋಗುತ್ತದೆ.

ಉಪ್ಪು ಉದುರಿಸುವುದು ಎಲ್ಲರಿಗೂ ಇಷ್ಟ. ಆಕಾಶಕ್ಕೆ ಮಾತ್ರ ಬೇಡ, ಹಿಮ ಬಿದ್ದಂತಾಗುತ್ತದೆ, ಬೆಳಗಾವಿಯಲ್ಲಿ ಹಿಮವೆಲ್ಲಿ? ರಸ್ತೆಗೆ ಸ್ವಲ್ಪ ಸಾಕು. ವಾಶ್‌ನ ಹೊಳಪು ಮಾಸುತ್ತಿರುವಾಗ ಉದುರಿಸಿ. ಬೇಗ ಹಾಕಿದರೆ ಕರಗಿಹೋಗುತ್ತದೆ, ತಡವಾದರೆ ಗುರುತೇ ಮೂಡುವುದಿಲ್ಲ. ಜುಲೈನ ತೇವದಲ್ಲಿ ಈ ಹೊತ್ತು ಬರಲು ಬಹಳ ಕಾಯಬೇಕು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಅದು ನೋಡನೋಡುತ್ತಲೇ ದಾಟಿಹೋಗುತ್ತದೆ, ಹಾಗಾಗಿ ಅಲ್ಲಿ ಹಾಳೆಯ ಹಿಂಬದಿಯನ್ನೂ ನೆನೆಸಿಕೊಳ್ಳಿ.

ಒದ್ದೆ ರಸ್ತೆಯ ಪ್ರತಿಬಿಂಬ ದೀಪದ ನೇರ ಕೆಳಗೆ ಬರಬೇಕು, ಓರೆಯಾಗಿ ಅಲ್ಲ. ದೀಪಕ್ಕಿಂತ ಒಂದು ಛಾಯೆ ಮಂದವಾಗಿರಲಿ. ಹಸಿ ಇದ್ದಾಗಲೇ ಕೆಳಕ್ಕೆ ಎಳೆದು, ಒಣಗಿದ ಮೇಲೆ ಅಡ್ಡಲಾಗಿ ಎರಡು ಮೂರು ಡ್ರೈ ಬ್ರಷ್ ಗೆರೆ ಹಾಕಿದರೆ ನೀರು ನಿಂತ ರಸ್ತೆ ಕಾಣುತ್ತದೆ.

ವಿದ್ಯುತ್ ತಂತಿ, ಬೋರ್ಡಿನ ಅಕ್ಷರಗಳಿಗೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಮೊದಲೇ ಬಳಿದು, ಆಮೇಲೆ ಕಿತ್ತು ತೆಗೆಯುವ ರಬ್ಬರಿನಂಥ ದ್ರವ) ಬಳಸುವುದಾದರೆ ಕುಂಚವನ್ನು ಮೊದಲು ಸೋಪುನೀರಿನಲ್ಲಿ ಅದ್ದಿ, ಇಲ್ಲವಾದರೆ ಕೂದಲು ಅಂಟಿ ಹಾಳಾಗುತ್ತದೆ. ಅದಕ್ಕೆ ಹೇರ್ ಡ್ರೈಯರ್ ಹಿಡಿಯಬೇಡಿ, ದಿನಗಟ್ಟಲೆ ಬಿಡಲೂ ಬೇಡಿ. ಕೀಳುವಾಗ ಕಾಗದವೇ ಕಿತ್ತು ಬರುತ್ತದೆ.

ಬೈಕಿನ ಹೆಡ್‌ಲೈಟಿನಂಥ ನಾಲ್ಕೈದು ಚುಕ್ಕೆಗಳಿಗೆ ಬಿಳಿ ಗ್ವಾಶ್ (ಕೆಳಗಿನ ಬಣ್ಣವನ್ನು ಮುಚ್ಚುವ ದಪ್ಪ ಜಲವರ್ಣ) ಕೊನೆಯಲ್ಲಿ ಇಡಿ. ಗ್ವಾಶ್ ತೊಳೆದ ನೀರನ್ನು ಚೆಲ್ಲಿಬಿಡಿ. ಅದೇ ನೀರಲ್ಲಿ ಮತ್ತೆ ಕಪ್ಪು ಕಲಸಿದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ.