ನಷ್ಟದ ಗುತ್ತಿಗೆಗೆ ಗಿರಾಕಿ ಎಲ್ಲಿ?

2024ರ ಅಕ್ಟೋಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಬೋಯಿಂಗ್ ತನ್ನ ಬಾಹ್ಯಾಕಾಶ ವ್ಯವಹಾರದ ಒಂದು ಭಾಗವನ್ನು ಮಾರುವ ಯೋಚನೆಯಲ್ಲಿದೆ, ಅದರಲ್ಲಿ ಸ್ಟಾರ್‌ಲೈನರ್ ನೌಕೆಯೂ ಇದೆ ಅಂತ. ಸುನೀತಾ ವಿಲಿಯಮ್ಸ್ ಅವರನ್ನು ಎಂಟು ದಿನಕ್ಕೆಂದು ಕರೆದುಕೊಂಡು ಹೋಗಿ, ಖಾಲಿ ವಾಪಸ್ ಬಂತಲ್ಲ, ಅದೇ ನೌಕೆ. ಮರುದಿನ ಆಫೀಸಿನಲ್ಲಿ ನಮ್ಮ ಹುಡುಗನೊಬ್ಬ ಕೇಳಿದ: "ಸರ್, ಎಷ್ಟಕ್ಕೆ ಹೋಗಬಹುದು?"

"ಮಾರುವವರೇ ಮೇಲೆ ದುಡ್ಡು ಕೊಡಬೇಕಾಗಬಹುದು" ಅಂದೆ. ಅವನು ನಕ್ಕ. ಕಂಪನಿಗಳು ಕೈ ಬದಲಾಗುವಾಗ ಲೆಕ್ಕಪತ್ರ ಜಾಲಾಡುವುದೇ ನನ್ನ ಕಸುಬು. ನಾನು ತಮಾಷೆ ಮಾಡಿರಲಿಲ್ಲ.

ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚದರಕ್ಕೆ ಇಷ್ಟು ಅಂತ ಮಾತಾಡಿಕೊಂಡರೆ ಕಬ್ಬಿಣದ ರೇಟು ಏರಿದರೂ, ಗೋಡೆ ಒಡೆದು ಮತ್ತೆ ಕಟ್ಟಿದರೂ ಖರ್ಚು ಗುತ್ತಿಗೆದಾರನ ತಲೆ ಮೇಲೆ. ಸಾಮಾನು, ಕೂಲಿ ಎಲ್ಲ ನಿಮ್ಮದು, ಅವನಿಗೆ ಮೇಲೆ ಒಂದಿಷ್ಟು ಅಂತಾದರೆ, ಕೆಲಸ ಎಳೆದಷ್ಟೂ ಕೈ ಸುಡುವುದು ನಿಮ್ಮದೇ.

ನಾಸಾ ಜೊತೆ ಬೋಯಿಂಗ್ ಎರಡೂ ಥರದ ಗುತ್ತಿಗೆ ಮಾಡಿದೆ. ಚಂದ್ರನತ್ತ ಜನರನ್ನು ಕಳಿಸುವ ನಾಸಾದ ಎಸ್‌ಎಲ್‌ಎಸ್ ರಾಕೆಟ್ಟಿನ ಮುಖ್ಯ ಹಂತವನ್ನು ನ್ಯೂ ಆರ್ಲಿಯನ್ಸ್‌ನಲ್ಲಿ ಕಟ್ಟುವುದು ಎರಡನೇ ಥರದ್ದು. ಸ್ಟಾರ್‌ಲೈನರ್ ಮಾತ್ರ ಚದರದ ಲೆಕ್ಕ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜನರನ್ನು ಕರೆದೊಯ್ದು ತರಲು 2014ರಲ್ಲಿ ಒಪ್ಪಿಕೊಂಡ ಮೊತ್ತ 420 ಕೋಟಿ ಡಾಲರ್. ಅದೇ ಕೆಲಸಕ್ಕೆ ಸ್ಪೇಸ್‌ಎಕ್ಸ್‌ಗೆ ಸಿಕ್ಕಿದ್ದು 260 ಕೋಟಿ. ಆಗ ಜಾಸ್ತಿ ಜನ ಅಂದುಕೊಂಡಿದ್ದು ಬೋಯಿಂಗ್ ಅನುಭವಸ್ಥ, ಗೆಲ್ಲುತ್ತದೆ ಅಂತಲೇ.

2019ರಲ್ಲಿ ಜನರಿಲ್ಲದ ಮೊದಲ ಹಾರಾಟ. ನೌಕೆಯ ಗಡಿಯಾರ 11 ಗಂಟೆ ತಪ್ಪಾಗಿ ಹೊಂದಿಕೊಂಡಿತ್ತು, ಇಂಧನ ಸುಮ್ನೆ ಉರಿದುಹೋಯಿತು, ನಿಲ್ದಾಣ ಸೇರಲೇ ಇಲ್ಲ. ಹಾರಾಟವನ್ನು ಮತ್ತೊಮ್ಮೆ ಸ್ವಂತ ಖರ್ಚಿನಲ್ಲಿ ಮಾಡಬೇಕಾಯಿತು, ಅದಕ್ಕೆಂದು ತೆಗೆದಿಟ್ಟಿದ್ದು 41 ಕೋಟಿ ಡಾಲರ್. 2021ರಲ್ಲಿ ತೇವಾಂಶಕ್ಕೆ ವಾಲ್ವ್‌ಗಳು ಕಚ್ಚಿಕೊಂಡವು. 2022ರ ಹಾರಾಟ ಗೆದ್ದಿತು. 2024ರ ಜೂನ್‌ನಲ್ಲಿ ಜನ ಕೂತು ಹೋದಾಗ ಹೀಲಿಯಂ ಸೋರಿತು, ನೌಕೆಯ ದಿಕ್ಕು ತಿದ್ದುವ ಪುಟ್ಟ ಎಂಜಿನ್‌ಗಳಾದ ಥ್ರಸ್ಟರ್‌ಗಳಲ್ಲಿ ಐದು ಕೈಕೊಟ್ಟವು. ಆ ವರ್ಷ ಮುಗಿಯುವಷ್ಟರಲ್ಲಿ ಈ ಒಂದು ಗುತ್ತಿಗೆಯ ಒಟ್ಟು ನಷ್ಟ 200 ಕೋಟಿ ಡಾಲರ್ ದಾಟಿತ್ತು.

ಇಲ್ಲಿ ಲೆಕ್ಕದ ಒಂದು ನಿಯಮವಿದೆ, ನಮ್ಮ ದೇಶದಲ್ಲೂ ಉಂಟು. ಗುತ್ತಿಗೆ ಮುಗಿಯುವಷ್ಟರಲ್ಲಿ ನಷ್ಟ ಖಚಿತ ಅಂತ ಗೊತ್ತಾದರೆ, ಮುಂದೆ ಬರಲಿರುವ ನಷ್ಟವನ್ನೂ ಇವತ್ತೇ ಪುಸ್ತಕದಲ್ಲಿ ಬರೆಯಬೇಕು. ಲಾಭಕ್ಕೆ ಈ ಅವಸರ ಇಲ್ಲ. ಹಾಗಾಗಿ ಬೋಯಿಂಗ್ ಮೂರು ತಿಂಗಳಿಗೊಮ್ಮೆ ಬರೆದ ನಷ್ಟವೆಲ್ಲ ಆಗಲೇ ಕೈಬಿಟ್ಟುಹೋದ ಹಣವಲ್ಲ. ಒಂದಷ್ಟು ಇನ್ನೂ ಖರ್ಚಾಗಬೇಕಿರುವುದು. ಕೊಳ್ಳುವವನ ಹೆಗಲಿಗೆ ಬೀಳುವುದು ಅದೇ.

ಕೆಲವು ವರ್ಷದ ಹಿಂದೆ ಪೀಣ್ಯದ ಒಂದು ಮೆಷಿನ್ ಶಾಪ್ ಮಾರಾಟಕ್ಕೆ ಬಂದಿತ್ತು. ಯಜಮಾನರು ಹೆಮ್ಮೆಯಿಂದ ಆರ್ಡರ್ ಪುಸ್ತಕ ಮುಂದಿಟ್ಟರು: "ನೋಡಿ ಸಾರ್, ಮೂರು ವರ್ಷದ ಕೆಲಸ ಕೈಯಲ್ಲಿದೆ." ಎರಡು ದಿನ ಕೂತು ನೋಡಿದೆವು. ದೊಡ್ಡ ಆರ್ಡರ್‌ನಲ್ಲಿ ಪ್ರತಿ ಪೀಸಿಗೂ ನಷ್ಟ. ಕೊಳ್ಳಲು ಬಂದವರು ಸಿಎನ್‌ಸಿ ಮೆಷಿನ್ ತೆಗೆದುಕೊಂಡರು, ಕೆಲಸಗಾರರನ್ನು ಕರೆದುಕೊಂಡರು, ಆ ಆರ್ಡರ್ ಮಾತ್ರ ಯಜಮಾನರ ಹತ್ತಿರವೇ ಉಳಿಯಿತು.

ಸ್ಟಾರ್‌ಲೈನರ್‌ನಲ್ಲಿ ಹಾಗೆ ಆರಿಸಿಕೊಳ್ಳುವುದೂ ಕಷ್ಟ. ಅಮೆರಿಕ ಸರ್ಕಾರದ ಗುತ್ತಿಗೆಯನ್ನು ಸರ್ಕಾರದ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೆಸರಿಗೆ ಮಾಡುವಂತಿಲ್ಲ. ನೌಕೆಯನ್ನು ಹೊತ್ತೊಯ್ಯುವ ಅಟ್ಲಾಸ್ 5 ರಾಕೆಟ್ಟಿನ ಮಾರಾಟ 2021ರಲ್ಲೇ ನಿಂತಿದೆ, ಕಾದಿರಿಸಿದ್ದಷ್ಟೇ ಉಳಿದಿರುವುದು. ಹೋಗಬೇಕಾದ ನಿಲ್ದಾಣವೋ, 2030ರ ತನಕ ಅಂತ ಗಡುವು ಇಟ್ಟುಕೊಂಡಿದೆ. ಬಾಡಿಗೆ ಕರಾರು ಮುಗಿಯುತ್ತಿರುವ ಅಂಗಡಿಗೆ ಪಗಡಿ ಕೊಡುವವರು ಯಾರು?

ಮಾರುವ ಆಸೆ ಯಾಕೆ ಬಂತು ಅನ್ನುವುದು ಸುಲಭ. 33,000 ಕಾರ್ಮಿಕರ ಮುಷ್ಕರ ನಡೆದಿತ್ತು. ಮೂರೇ ತಿಂಗಳಲ್ಲಿ ಆರುನೂರು ಕೋಟಿ ಡಾಲರ್‌ಗೂ ಮೀರಿ ನಷ್ಟ. ಆಗಸ್ಟ್‌ನಲ್ಲಷ್ಟೇ ಬೋಯಿಂಗ್ ಸಿಇಒ ಕುರ್ಚಿಗೆ ಬಂದಿದ್ದ ಕೆಲ್ಲಿ ಆರ್ಟ್‌ಬರ್ಗ್, ಕಡಿಮೆ ಕೆಲಸ ಹಿಡಿದು ಚೆನ್ನಾಗಿ ಮಾಡೋಣ ಎಂಬ ಅರ್ಥದಲ್ಲಿ ಮಾತಾಡಿದ್ದರು. ಒಳ್ಳೆಯ ಮಾತೇ. ಆದರೆ ಬಿಡಬೇಕು ಅನಿಸುವುದಕ್ಕೆ ಗಿರಾಕಿ ಸಿಗುವುದಿಲ್ಲ, ಗಿರಾಕಿ ಬರುವುದನ್ನು ಬಿಡಲು ಮನಸ್ಸು ಬರುವುದಿಲ್ಲ.

ಆಗಿದ್ದೂ ಹಾಗೇ. 2025ರಲ್ಲಿ ಬೋಯಿಂಗ್ ನಿಜಕ್ಕೂ ಮಾರಿದ ದೊಡ್ಡ ಸ್ವತ್ತು ಜೆಪ್ಪೆಸೆನ್, ಪೈಲಟ್‌ಗಳಿಗೆ ನಕ್ಷೆ ಒದಗಿಸುವ ವ್ಯವಹಾರ. ಅದರ ಜೊತೆ ಇನ್ನೊಂದಿಷ್ಟು ಸಾಫ್ಟ್‌ವೇರ್ ಸೇರಿಸಿ ಥೋಮಾ ಬ್ರಾವೋ ಎಂಬ ಹೂಡಿಕೆ ಸಂಸ್ಥೆ 1,055 ಕೋಟಿ ಡಾಲರ್ ಎಣಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ನಾಸಾ ಸ್ಟಾರ್‌ಲೈನರ್ ಗುತ್ತಿಗೆಯನ್ನು ತಿದ್ದಿತು. ಆರು ಹಾರಾಟಗಳ ಜಾಗದಲ್ಲಿ ಖಚಿತವಾಗಿ ನಾಲ್ಕೇ, ಉಳಿದೆರಡು ನಾಸಾಗೆ ಬೇಕೆನಿಸಿದರೆ ಮಾತ್ರ, ಮುಂದಿನದರಲ್ಲಿ ಜನ ಇಲ್ಲ, ಸರಕು ಮಾತ್ರ. ಗುತ್ತಿಗೆದಾರನ ಜಾಗದಲ್ಲಿ ಆಗಲೂ ಇದ್ದ ಹೆಸರು ಬೋಯಿಂಗ್.