ವೈಲ್ಡ್ ರೈಸ್ ಅರಳಬೇಕಾದರೆ ಎಣ್ಣೆ ಕಾಯಬೇಕು

ವೈಲ್ಡ್ ರೈಸ್ ಅರಳಲೇ ಇಲ್ಲ, ಕಚ್ಚಿದರೆ ಹಲ್ಲು ನೋಯುತ್ತೆ ಅಂತ ಅಡುಗೆ ಕಲಿಯಲು ಬರುವವರು ಹೇಳಿದಾಗ ನಾನು ಮೊದಲು ಕೇಳುವುದು ಒಂದೇ. ಎಣ್ಣೆ ಎಷ್ಟು ಕಾದಿತ್ತು? ಬಹಳಷ್ಟು ಸಲ ತೊಂದರೆ ಇರುವುದು ಅಲ್ಲೇ.

ಹೆಸರಿನಲ್ಲಿ ರೈಸ್ ಇದ್ದರೂ ಇದು ನಾವು ಊಟ ಮಾಡುವ ಅಕ್ಕಿಯ ಜಾತಿಯಲ್ಲ. ಉತ್ತರ ಅಮೆರಿಕದ ಮಹಾ ಸರೋವರಗಳ ಸುತ್ತಮುತ್ತ ಕೆರೆಗಳಲ್ಲಿ, ನಿಧಾನವಾಗಿ ಹರಿಯುವ ಹೊಳೆಗಳಲ್ಲಿ ಬೆಳೆಯುವ ಒಂದು ಬಗೆಯ ಹುಲ್ಲಿನ ಕಾಳು. ಅಲ್ಲಿನ ಓಜಿಬ್ವೆ ಜನ ಬೇಸಿಗೆ ಮುಗಿಯುವ ಹೊತ್ತಿಗೆ ದೋಣಿಯಲ್ಲಿ ಹೋಗಿ, ಒಂದು ಕೋಲಿನಿಂದ ತೆನೆ ಬಾಗಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟಿ ಕಾಳನ್ನು ದೋಣಿಯೊಳಗೆ ಬೀಳಿಸಿಕೊಳ್ಳುತ್ತಾರೆ. ನೀರಿಗೆ ಬಿದ್ದ ಕಾಳು ಮುಂದಿನ ಬೆಳೆಗೆ ಬೀಜ. ಆಮೇಲೆ ಬೆಂಕಿಯ ಮೇಲೆ ಹುರಿದು, ತುಳಿದು, ತೂರಿ ಹೊಟ್ಟು ಬಿಡಿಸುತ್ತಾರೆ. ಮಿನೆಸೋಟ ರಾಜ್ಯ 1977ರಲ್ಲಿ ಇದನ್ನೇ ತನ್ನ ರಾಜ್ಯದ ಧಾನ್ಯ ಅಂತ ಮಾಡಿಕೊಂಡಿತು.

ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಆ ಹುರಿಯುವ ಹಂತ. ಹಸಿ ಕಾಳನ್ನು ಹುರಿಯುವಾಗ ಒಳಗಿನ ಪಿಷ್ಟ ಅರ್ಧ ಬೆಂದು, ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗೆ ಚೂರು ತೇವ ಉಳಿದಿರುತ್ತದೆ. ಕಾದ ಎಣ್ಣೆಗೆ ಬಿದ್ದ ತಕ್ಷಣ ಆ ತೇವ ಆವಿಯಾಗಿ, ಮೆತ್ತಗಾದ ಪಿಷ್ಟವನ್ನು ಉಬ್ಬಿಸಿ, ಕಪ್ಪು ಸಿಪ್ಪೆಯನ್ನು ಉದ್ದಕ್ಕೆ ಸೀಳಿಬಿಡುತ್ತದೆ. ಬಿಳಿ ಒಳಭಾಗ ಹೊರಗೆ ಬಂದು ಕಾಳು ಸುರುಳಿಯಾಗುತ್ತದೆ. ಪಾಪ್‌ಕಾರ್ನ್ ಥರ ಸಿಡಿದು ಹಾರುವುದಿಲ್ಲ, ಅಷ್ಟು ದೊಡ್ಡದೂ ಆಗುವುದಿಲ್ಲ. ಶಾಖ ಕಮ್ಮಿ ಇದ್ದರೆ ಆವಿ ನಿಧಾನವಾಗಿ ಸೋರಿಹೋಗುತ್ತದೆ, ಕಾಳು ಸುಮ್ನೆ ಎಣ್ಣೆಯಲ್ಲಿ ಕೂತು ಇನ್ನಷ್ಟು ಗಟ್ಟಿಯಾಗುತ್ತದೆ. ಒಣ ಬಾಣಲೆಯಲ್ಲಿ ಹುರಿದರೂ ಇದೇ ಗತಿ, ಒಂದಷ್ಟು ಅರಳಿ ಉಳಿದದ್ದು ಸೀದುಹೋಗುತ್ತದೆ.

ತಳ ದಪ್ಪ ಇರುವ ಸಣ್ಣ ಪಾತ್ರೆಗೆ ಒಂದು ಇಂಚು ಎಣ್ಣೆ ಹಾಕಿ, 190ರಿಂದ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ. ಬೇಗ ಹೊಗೆ ಬರುವ ಎಣ್ಣೆ ಬೇಡ, ವಾಸನೆ ಇಲ್ಲದ ರಿಫೈನ್ಡ್ ಎಣ್ಣೆ ಒಳ್ಳೆಯದು. ಥರ್ಮಾಮೀಟರ್ ಇಲ್ಲದಿದ್ದರೆ ಎರಡು ಕಾಳು ಹಾಕಿ ನೋಡಿ. ತಳಕ್ಕೆ ಹೋಗಿ ಕೆಲವೇ ಸೆಕೆಂಡಿನಲ್ಲಿ ಬಿರಿದು ಮೇಲೆ ಬಂದರೆ ಎಣ್ಣೆ ಸರಿಯಾಗಿ ಕಾದಿದೆ. ತಳದಲ್ಲೇ ಕೂತಿದ್ದರೆ ಇನ್ನೂ ಕಾಯಿರಿ. ಇಲ್ಲಿ ಅವಸರ ಮಾಡುವವರೇ ಜಾಸ್ತಿ.

ಒಂದು ಸಲಕ್ಕೆ ಎರಡು ಚಮಚಕ್ಕಿಂತ ಹೆಚ್ಚು ಹಾಕಬೇಡಿ, ಏಕೆಂದರೆ ತಣ್ಣಗಿನ ಕಾಳು ಒಟ್ಟಿಗೆ ಬಿದ್ದರೆ ಎಣ್ಣೆಯ ಶಾಖ ಇಳಿದುಹೋಗುತ್ತದೆ. ಸಣ್ಣ ಕಣ್ಣಿನ ಲೋಹದ ಜಾಲರಿಯಲ್ಲಿ ಕಾಳು ಹಾಕಿ ಜಾಲರಿ ಸಮೇತ ಎಣ್ಣೆಗೆ ಇಳಿಸುವುದು ನನಗೆ ತುಂಬ ಇಷ್ಟವಾದ ಕ್ರಮ, ಅರಳಿದ ಕ್ಷಣವೇ ಎಲ್ಲವನ್ನೂ ಒಟ್ಟಿಗೆ ಎತ್ತಬಹುದು. ಹತ್ತು ಸೆಕೆಂಡು ಸಾಕು. ಬಿಳಿ ಭಾಗ ಕಂದು ಬಣ್ಣಕ್ಕೆ ತಿರುಗಿತೆಂದರೆ ಕಹಿ ಬಂತು ಅಂತಲೇ ಅರ್ಥ.

ಕಾಳು ತೊಳೆಯಬೇಡಿ. ತೇವ ಇರುವ ಕಾಳು ಕಾದ ಎಣ್ಣೆಗೆ ಬಿದ್ದರೆ ಎಣ್ಣೆ ಕೈಮೇಲೆ, ಮುಖಕ್ಕೆ ಸಿಡಿಯುತ್ತದೆ. ಮಕ್ಕಳನ್ನು ದೂರ ಇಡಿ, ಒಲೆ ಬಿಟ್ಟು ಹೋಗಬೇಡಿ, ಪಾತ್ರೆಗೆ ಸರಿಹೊಂದುವ ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಅದನ್ನೇ ಮುಚ್ಚಬೇಕು, ನೀರು ಮಾತ್ರ ಹಾಕಲೇಬಾರದು.

ಇನ್ನು ಕೊಳ್ಳುವಾಗ ಪ್ಯಾಕೆಟ್ ನೋಡಿ. ಬೇಗ ಬೇಯುವ ಬಗೆಯದು, ಬೇರೆ ಅಕ್ಕಿ ಬೆರೆಸಿದ್ದು, ನುಚ್ಚು ಜಾಸ್ತಿ ಇರುವುದು ಇದಕ್ಕೆ ಆಗುವುದಿಲ್ಲ. ಸಿಪ್ಪೆ ಗಟ್ಟಿಯಾಗಿರುವ ಇಡೀ ಕಾಳೇ ಬೇಕು. ಕೆರೆಯಲ್ಲಿ ಕೈಯಿಂದ ಕೊಯ್ದು ಸೌದೆ ಬೆಂಕಿಯಲ್ಲಿ ಹುರಿದದ್ದಕ್ಕೆ ಹೊಗೆಯ ಪರಿಮಳ ಇರುತ್ತದೆ. ಅದು ಎಣ್ಣೆಯಲ್ಲಿ ಕಳೆದುಹೋಗಬಾರದು ಅಂತ ನಾನು ಅದನ್ನು ಬೇಯಿಸಿ ತಿನ್ನಲು ಇಟ್ಟುಕೊಂಡು, ಗದ್ದೆಯಲ್ಲಿ ಬೆಳೆದ ಹೊಳೆಯುವ ಕಪ್ಪು ಕಾಳನ್ನು ಅರಳಿಸುತ್ತೇನೆ.

ಎತ್ತಿದ ಕೂಡಲೇ ಕಾಗದದ ಮೇಲೆ ಹರಡಿ, ಬಿಸಿ ಇರುವಾಗಲೇ ನುಣ್ಣನೆಯ ಉಪ್ಪು ಉದುರಿಸಿ, ಆರಿದ ಮೇಲೆ ಉಪ್ಪು ಹಿಡಿಯುವುದಿಲ್ಲ. ಸಿಹಿ ಬೇಕೆಂದರೆ ಮೇಪಲ್ ಸಕ್ಕರೆ ಪುಡಿ ಇದಕ್ಕೆ ತುಂಬ ಹೊಂದುತ್ತದೆ. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಂದೆರಡು ದಿನದಲ್ಲಿ ತಿಂದುಬಿಡಿ.