ಬಿಸಿಲಿಗೆ ಕರಗದ ಚಮಚ

ಶಿರಸಿ ಕಡೆ ಹಾಳೆ ತಟ್ಟೆ ಮಾಡುವ ತಂಗಿಯೊಬ್ಬರು ಹೋದ ವಾರ ಕಾರವಾರಕ್ಕೆ ಬಂದಿದ್ದರು. ತಟ್ಟೆಯ ಜೊತೆಗೆ ಪಿಎಲ್‌ಎ, ಅಂದರೆ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್‌ನ, ಚಮಚವನ್ನೂ ಮಾಡುವ ಆಸೆ ಅವರಿಗೆ. "ಸರ್, ಬಿಸಿ ತಾಗಿದ್ರೆ ಎಚ್ಚರ ಆಗೋ ಲೋಹ ಇದರೊಳಗೆ ಇರ್ತದಂತೆ. ಹಾಗಾದ್ರೆ ಬಿಸಿಲಿಗೆ ಬಿದ್ರೆ ತಾನೇ ಕರಗ್ತದೆ, ಅಲ್ವಾ?"

ಎಷ್ಟನೇ ಸಲವೋ ಈ ಪ್ರಶ್ನೆ. ಒಳ್ಳೆಯ ಮನಸ್ಸಿನವರೇ ಹೀಗೆ ನಂಬಿ ದುಡ್ಡು ಹಾಕುತ್ತಾರೆ, ಅದಕ್ಕೇ ಬೇಜಾರು.

ಆ ಲೋಹ ಎಚ್ಚರ ಆಗುವುದು ಪ್ಲಾಸ್ಟಿಕ್ ಕಟ್ಟುವುದಕ್ಕೆ, ಕರಗಿಸುವುದಕ್ಕಲ್ಲ. ಕಬ್ಬಿನ ಸಕ್ಕರೆಯನ್ನು ಹುಳಿ ಬರಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರಿನ ಹುಳಿಯೂ ಅದೇ. ಅದರಿಂದ ಲ್ಯಾಕ್ಟೈಡ್ ಎಂಬ ಉಂಗುರದಂಥ ಅಣು ಮಾಡುತ್ತಾರೆ. ಅದಕ್ಕೆ ಸ್ಟ್ಯಾನಸ್ ಆಕ್ಟೋಯೇಟ್ ಎಂಬ ತವರದ ಕ್ಯಾಟಲಿಸ್ಟನ್ನು, ಅಂದರೆ ಕ್ರಿಯೆಗೆ ವೇಗ ಕೊಡುವ ವಸ್ತುವನ್ನು, ತೀರಾ ಸ್ವಲ್ಪ ಸೇರಿಸಿ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತಾರೆ. ಉಂಗುರಗಳು ಬಿಚ್ಚಿಕೊಂಡು, ಒಂದಕ್ಕೊಂದು ಕೊಂಡಿ ಹಾಕಿ, ಉದ್ದನೆಯ ಸರ ಆಗುತ್ತವೆ. ತಣಿದ ಮೇಲೆ ತವರ ಸುಮ್ನೆ ಕೂತಿರುತ್ತದೆ. ಕಾರವಾರದ ಮೇ ತಿಂಗಳ ಬಿಸಿಲು ಎಷ್ಟೇ ಸುಡಲಿ, ಆ ಕಾವಿನ ಹತ್ತಿರಕ್ಕೂ ಬರುವುದಿಲ್ಲ. ಆಲೆಮನೆಯ ಒಲೆ ಆರಿದ ಮೇಲೆ ಬಿಸಿಲಿಗಿಟ್ಟ ಬೆಲ್ಲ ಮತ್ತೆ ಕುದಿಯುತ್ತದೆಯೇ?

ಪ್ಲಾಸ್ಟಿಕ್ ಕಾಳನ್ನು ಕರಗಿಸಿ ಚಮಚ ಅಚ್ಚು ಹಾಕುವ ಯಂತ್ರದೊಳಗಿನ ಕಥೆ ಬೇರೆ. ಅಲ್ಲಿ ಜಾಸ್ತಿ ಹೊತ್ತು ಕಾದರೆ ಉಳಿದ ತವರವೇ ಸರವನ್ನು ಬಿಚ್ಚಲೂಬಹುದು. ತೇವ ಇದ್ದರಂತೂ ಇನ್ನೂ ಕಷ್ಟ. ಒಂದು ಆಷಾಢದಲ್ಲಿ, ಬಾಯಿ ತೆರೆದೇ ಇದ್ದ ಚೀಲದ ಕಾಳನ್ನು ಒಣಗಿಸದೆ ಯಂತ್ರಕ್ಕೆ ಸುರಿದವರೊಬ್ಬರು ನನ್ನನ್ನು ಕರೆಸಿದ್ದರು. ಮೂತಿಯಿಂದ ಗಂಜಿ ತಿಳಿಯಂತೆ ಸುರಿಯುತ್ತಿತ್ತು. ಹಾಗೆ ಆದ ಚಮಚವನ್ನು ಬೆರಳಲ್ಲಿ ಬಗ್ಗಿಸಿದೆ, ಚಟ್ ಅಂತ ಮುರಿಯಿತು. ಪೂರ್ತಿ ಒಣಗಿಸಿ ಹಾಕಿ ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ.

ಇನ್ನು ಬಳಸಿದ ಚಮಚ ಕೊಳೆಯಬೇಕಾದರೆ ನೀರು, ಕಾವು, ಸೂಕ್ಷ್ಮಜೀವಿ ಮೂರೂ ಒಟ್ಟಿಗೆ ಬೇಕು. ಗೊಬ್ಬರವಾಗುವ ಪ್ಲಾಸ್ಟಿಕ್‌ಗೆ ಇರುವ ಐಎಸ್ 17088 ಎಂಬ ಭಾರತೀಯ ಮಾನದಂಡದ ಪರೀಕ್ಷೆ ನಡೆಯುವುದು 58 ಡಿಗ್ರಿ ಆಸುಪಾಸಿನ ಗೊಬ್ಬರದಲ್ಲಿ. 180 ದಿನದೊಳಗೆ ಶೇಕಡಾ 90ರಷ್ಟು ಕೊಳೆಯಬೇಕು. ಸೊಪ್ಪು, ಸಗಣಿ ಹಾಕಿದ ಮನೆಯ ಗುಂಡಿ ಮೊದಲು ಬಿಸಿಯಾದರೂ ಆ ಕಾವು ತಿಂಗಳುಗಟ್ಟಲೆ ನಿಲ್ಲುವುದು ಕಷ್ಟ. ಕಡಲಲ್ಲಂತೂ ಕಾವೇ ಇಲ್ಲ.

ನನ್ನ ಕಿಟಕಿಯಲ್ಲಿ ಕಡಲ ನೀರು ತುಂಬಿದ ಒಂದು ಭರಣಿ ಇದೆ. ಅದರೊಳಗೆ ಒಂದು ಪಿಎಲ್‌ಎ ಚಮಚ. ಅದು ಎರಡು ಮಳೆಗಾಲ ಕಂಡಿದೆ. ಹೊರಗೆ ತೆಗೆದು ಒರೆಸಿ ಆ ತಂಗಿಯ ಕೈಗೆ ಕೊಟ್ಟೆ. ಹಿಡಿಯ ಮೇಲಿನ ಅಚ್ಚಿನ ಅಕ್ಷರವನ್ನು ಅವರು ಬೆರಳಿಂದ ಸವರಿ, ಪೂರ್ತಿ ಓದಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಬಳಸಿದ್ದನ್ನೆಲ್ಲ ವಾಪಸ್ ತಗೊಂಡು ಎಲ್ಲಿಗೆ ಕಳಿಸೋದು ಸರ್?" ಅಂದರು. ಯಂತ್ರದ ಬೆಲೆ ಕೇಳುವ ಮೊದಲು ಕೇಳಬೇಕಾದದ್ದು ಇದನ್ನೇ. ಕುರ್ಚಿ ಎಳೆದು ಹಾಕಿ, ಕೂತ್ಕೊಳ್ಳಿ ಎಂದೆ.